ಟಿಟಿ ಹಿಂದೆ ಕಾರೂ ಬರಬೇಕಾ?

ಹದಿನಾರು ಜನ, ಒಂದು ಟಿಟಿ (ಟೆಂಪೊ ಟ್ರಾವೆಲರ್), ಮೂರು ದಿನದ ಮಲೆನಾಡು. ಮನೆಯ ಕಾರನ್ನೂ ಹಿಂದೆ ತರುವುದೋ, ಬೆಟ್ಟದ ಬುಡದಲ್ಲಿ ಜೀಪು ಹಿಡಿಯುವುದೋ? ಯಗಟಿಯ ಜಗಲಿಯಲ್ಲಿ ಎದ್ದ ಪ್ರಶ್ನೆಗೆ ಕಳಸದಲ್ಲಿ ಒಂದು ರಾತ್ರಿ ಉತ್ತರ ಸಿಕ್ಕಿತು.

ಬೆಳಗಿನ ಜಾವ ನಾಲ್ಕೂವರೆ. ಯಗಟಿಯ ನಮ್ಮ ಬೀದಿಗೆ ಟಿಟಿ ಹಿಂದುಹಿಂದಾಗಿ ಬರುತ್ತಿತ್ತು. ‘ಬರ್ಲಿ, ಬರ್ಲಿ, ಇನ್ನೂ ಬರ್ಲಿ... ಹೋಲ್ಡಾನ್!’ ಎಂದು ಚಿಕ್ಕಪ್ಪ ಅದರ ಬೆನ್ನು ತಟ್ಟಿದರು.

ಜಗಲಿಯ ಮೇಲೆ ಸಾಮಾನು ಸಾಲಾಗಿ ಕೂತಿತ್ತು. ಪುಳಿಯೋಗರೆಯ ಸ್ಟೀಲ್ ಡಬ್ಬಿ, ಕೊಬ್ಬರಿ ಚಟ್ನಿಪುಡಿ, ಎರಡು ಚಾಪೆ, ಇಪ್ಪತ್ತು ಲೀಟರಿನ ನೀರಿನ ಕ್ಯಾನು. ಘಾಟಿಯಲ್ಲಿ ಮಕ್ಕಳಿಗೆ ಹೊಟ್ಟೆ ತೊಳಸಿದರೆ ಇರಲಿ ಎಂದು ಒಂದು ಚೀಲ ನಿಂಬೆಹಣ್ಣು. ಕಡೂರು ಸ್ಟೇಷನ್ನಿನಲ್ಲಿ ಬೆಂಗಳೂರಿನ ರೈಲಿನಿಂದ ಇಳಿಯುವ ಅತ್ತೆಯ ಮಗಳನ್ನು ಹತ್ತಿಸಿಕೊಂಡರೆ ಲೆಕ್ಕ ಹದಿನಾರಕ್ಕೆ ಮುಟ್ಟುತ್ತದೆ. ಟಿಟಿಯಲ್ಲಿ ಸೀಟು ಹದಿನೇಳು.

ಆಗ ಅಣ್ಣ ಕಾರಿನ ಕೀ ಹಿಡಿದು ಬಂದ. ‘ನೀವು ಟಿಟೀಲಿ ಹೋಗ್ತಿರಿ, ನಾನು ಕಾರ್ ತಗೊಂಡು ಹಿಂದೆ ಬರ್ತೀನಿ. ಬೆಟ್ಟಕ್ಕೆ ಟಿಟಿ ಬಿಡದೇ ಹೋದ್ರೆ? ರಾತ್ರಿ ಯಾರಿಗಾದ್ರೂ ಹುಷಾರು ತಪ್ಪಿದ್ರೆ?’

ದೊಡ್ಡಪ್ಪ ಶಾಲು ಹೊದ್ದು ಕಟ್ಟೆಯ ಮೇಲೆ ಕೂತಿದ್ದರು. ‘ಒಂದೇ ಮನೆಯವ್ರು ಎರಡು ಗಾಡೀಲಿ ಯಾಕೋ?’ ಎಂದರು. ಅಷ್ಟಕ್ಕೇ ಸುಮ್ಮನಾದರು. ಅಣ್ಣನ ಎರಡು ಪ್ರಶ್ನೆಗೆ ಆ ಹೊತ್ತಿನಲ್ಲಿ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಅದು 2025ರ ದಸರಾ ರಜೆ. ಈಗ ಮತ್ತೊಂದು ದಸರಾ ಬರುತ್ತಿದೆ. ಬಯಲುಸೀಮೆಯ ಎಷ್ಟೋ ಮನೆಗಳ ಜಗಲಿಯಲ್ಲಿ ಇದೇ ಮಾತು ನಡೆಯುತ್ತಿರುತ್ತದೆ. ಹಾಗಾಗಿ ನಮ್ಮ ಮನೆಯ ಲೆಕ್ಕವನ್ನು ಬಿಚ್ಚಿ ಇಡುತ್ತಿದ್ದೇನೆ.

ಓಡದ ದಾರಿಗೂ ಬಾಡಿಗೆ

ಕಡೂರಿನಲ್ಲಿ ನಮಗೆ ಹೇಳಿದ ದರ ಹೀಗಿತ್ತು: ಕಿ.ಮೀ.ಗೆ 24 ರೂಪಾಯಿ, ದಿನಕ್ಕೆ ಕನಿಷ್ಠ 250 ಕಿ.ಮೀ., ಚಾಲಕರ ಬಾಟಾ ದಿನಕ್ಕೆ 600. ಊರಿಂದ ಊರಿಗೆ, ಸೀಸನ್ನಿನಿಂದ ಸೀಸನ್ನಿಗೆ ಅಂಕಿ ಬದಲಾಗುತ್ತದೆ. ಬದಲಾಗದೆ ಇರುವುದು ಆ ‘ಕನಿಷ್ಠ’.

ಮೂರು ದಿನಕ್ಕೆ 750 ಕಿ.ಮೀ. ಅಂದರೆ 18,000. ಬಾಟಾ ಸೇರಿ 19,800. ನಮ್ಮ ದಾರಿ ಯಗಟಿ, ಕಡೂರು, ಚಿಕ್ಕಮಗಳೂರು, ಗಿರಿ (ಮುಳ್ಳಯ್ಯನಗಿರಿ), ಬಾಳೆಹೊನ್ನೂರು, ಶೃಂಗೇರಿ, ಹೊರನಾಡು, ಕಳಸ, ವಾಪಸ್ಸು. ಮನೆಗೆ ಬಂದು ಮೀಟರ್ ನೋಡಿದಾಗ ಓಡಿದ್ದು 430 ಕಿ.ಮೀ. ಓಡದ 320 ಕಿ.ಮೀ.ಗೂ ನಾವು ದುಡ್ಡು ಕೊಟ್ಟಿದ್ದೆವು.

ಚಿಕ್ಕಮಗಳೂರು ಜಿಲ್ಲೆಯವರು ಜಿಲ್ಲೆಯೊಳಗೇ ಸುತ್ತುವಾಗ ಈ ಮಾತು ನೆನಪಿಡಬೇಕು. ಟಿಟಿ ನಿಂತರೂ ಬಾಡಿಗೆ ನಡೆಯುತ್ತಿರುತ್ತದೆ. ಬಾಳೆಹೊನ್ನೂರಿನಲ್ಲಿ ಭದ್ರೆಯ ದಡಕ್ಕೆ ಇಳಿಯಲಿ, ದಾರಿಯ ಪಕ್ಕದ ಇನ್ನೊಂದು ದೇವಸ್ಥಾನಕ್ಕೆ ತಿರುಗಿಸಲಿ, ಒಂದು ಪೈಸೆಯೂ ಹೆಚ್ಚಾಗುವುದಿಲ್ಲ. ಅದೇ ಸಣ್ಣ ಸುತ್ತಾಟಕ್ಕೆಂದು ಕಾರನ್ನೂ ತಂದರೆ ಒಂದೇ ದಾರಿಗೆ ಎರಡು ಸಲ ಖರ್ಚು ಮಾಡಿದಂತೆ.

ಹಾಗೆಂದು ಕಾರು ದುಬಾರಿಯೇ? ಅಲ್ಲ. ಘಾಟಿ ರಸ್ತೆಯಲ್ಲಿ ಲೀಟರಿಗೆ ಹದಿನಾಲ್ಕು ಕಿ.ಮೀ. ಹಿಡಿದರೂ ಮೂರು ದಿನಕ್ಕೆ ಮೂರು ಸಾವಿರಕ್ಕಿಂತ ತುಸು ಹೆಚ್ಚಿನ ಪೆಟ್ರೋಲು. ಜೀಪಿಗೆ ನಾವು ಕೊಟ್ಟದ್ದು ಇದಕ್ಕಿಂತ ಬಹಳ ಹೆಚ್ಚು. ಗಿರಿಗೆ ಎರಡು ಜೀಪು, ತಲಾ 2,500. ಹೊರನಾಡಿನ ಬಳಿಯ ಕ್ಯಾತನಮಕ್ಕಿಗೆ ಎರಡು, ತಲಾ 2,000. ಒಟ್ಟು ಒಂಬತ್ತು ಸಾವಿರ. ಬರೀ ಅಂಕಿ ನೋಡಿದರೆ ಅಣ್ಣನೇ ಸರಿ.

ಆದರೆ ಕಾರಿನಲ್ಲಿ ಕೂರುವವರು ಐದು ಜನ. ಹದಿನಾರು ಜನರನ್ನು ಬೆಟ್ಟ ಹತ್ತಿಸಲು ಅದು ಮೂರು ಸಲ ಹೋಗಿ ಬಂದರೂ ಸಾಲದು, ನಾಲ್ಕನೆಯ ಸಲವೂ ಹತ್ತಬೇಕು. ಕ್ಯಾತನಮಕ್ಕಿಯ ಕಲ್ಲುದಾರಿಗಂತೂ ಮಾಮೂಲಿ ಕಾರು ಇಳಿಸುವಂತೆಯೇ ಇಲ್ಲ, ಅದರ ಹೊಟ್ಟೆ ನೆಲಕ್ಕೆ ತಾಗುತ್ತದೆ. ಯಾವ ಜಾಗಕ್ಕೆ ಎರಡನೆಯ ಗಾಡಿ ನಿಜವಾಗಿಯೂ ಬೇಕೋ, ಅಲ್ಲಿಗೇ ಕಾರು ಹೋಗುವುದಿಲ್ಲ.

ಅಣ್ಣ ನೋಡಿದ ಮಲೆನಾಡು

ಮೂರು ವರ್ಷದ ಹಿಂದೆ ಇದೇ ಅಣ್ಣ ಹಟ ಮಾಡಿ ಕಾರು ತಂದಿದ್ದ. ಕಡೂರಿನಿಂದ ಚಿಕ್ಕಮಗಳೂರಿನವರೆಗೆ ಎಲ್ಲ ಸರಿಯಿತ್ತು. ಮುಂದೆ ಕಾಫಿತೋಟದ ತಿರುವುಗಳು ಶುರುವಾದವು. ಟಿಟಿ ಮುಂದೆ, ಕಾರು ಹಿಂದೆ, ನಡುವೆ ಎರಡು ಲಾರಿ. ಬಾಳೆಹೊನ್ನೂರು ದಾಟುವ ಹೊತ್ತಿಗೆ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ, ಫೋನಿಗೆ ನೆಟ್‌ವರ್ಕ್ ಇರಲಿಲ್ಲ.

ಮಾಗುಂಡಿಯಲ್ಲಿ ಟಿಟಿ ಒಂದು ಗಂಟೆ ನಿಂತಿತು. ಕಾರಿನಲ್ಲಿದ್ದ ಮಕ್ಕಳಿಗೆ ಹಸಿವು, ತಿಂಡಿಯ ಡಬ್ಬಿ ಟಿಟಿಯಲ್ಲಿ. ಟಿಟಿಯಲ್ಲಿದ್ದ ದೊಡ್ಡಮ್ಮನ ಬಿ.ಪಿ. ಮಾತ್ರೆ ಕಾರಿನಲ್ಲಿ. ಆಮೇಲೆ ಕಳಸದವರೆಗೂ ಅಣ್ಣ ಟಿಟಿಗೆ ಅಂಟಿಕೊಂಡೇ ಓಡಿಸಿದ.

ಊರಿಗೆ ಬಂದ ಮೇಲೆ ಅತ್ತಿಗೆ ಕೇಳಿದರು, ಸೋಮವತಿ ಜಲಪಾತ ನೋಡಿದ್ರಾ, ಭದ್ರೆ ನೋಡಿದ್ರಾ ಅಂತ. ‘ನಾನು ಟಿಟಿಯ ಹಿಂದಿನ ಗಾಜು ನೋಡಿದೆ’ ಎಂದ ಅಣ್ಣ. ಆ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ವರ್ಷವಿಡೀ ತೋಟ, ಅಂಗಡಿ, ಬ್ಯಾಂಕು ಎಂದು ಓಡಾಡುವವನಿಗೆ ಸಿಕ್ಕಿದ್ದು ಮೂರೇ ದಿನದ ಬಿಡುವು. ಅದನ್ನೂ ನಾವು ಅವನ ಕೈಗೆ ಸ್ಟಿಯರಿಂಗ್ ಕೊಟ್ಟು ಕಸಿದುಕೊಂಡಿದ್ದೆವು.

ಹಿಂದೆ ಬರುವ ಕಾರಿನ ನಿಜವಾದ ಖರ್ಚು ಪೆಟ್ರೋಲಲ್ಲ, ಮನೆಯ ಒಬ್ಬ ಮನುಷ್ಯ ಎಂದು ಆವತ್ತು ನನಗೆ ಹೊಳೆಯಿತು. ಟಿಟಿಯಲ್ಲಿ ಅಂತ್ಯಾಕ್ಷರಿ ನಡೆಯುವಾಗ ಅವನು ಇರುವುದಿಲ್ಲ. ಚಿಕ್ಕಪ್ಪ ತಮ್ಮ ಮದುವೆಯ ದಿಬ್ಬಣದ ಕಥೆ ಹೇಳುವಾಗ ಅವನು ಇರುವುದಿಲ್ಲ. ಅವನ ಪಕ್ಕ ಕೂತವರೂ ಅರ್ಧ ಪ್ರವಾಸವನ್ನೇ ಕಾಣುತ್ತಾರೆ.

> ಬೋರ್ಡಿನ ಬಣ್ಣ ನೋಡಿ ಹತ್ತಿ
> ಹಳದಿ ಬೋರ್ಡು, ಕಪ್ಪು ಅಕ್ಷರ: ಚಾಲಕರ ಸಮೇತ ಬಾಡಿಗೆಗೆ ಬರುವ ಗಾಡಿ.
> ಕಪ್ಪು ಬೋರ್ಡು, ಹಳದಿ ಅಕ್ಷರ: ಬಾಡಿಗೆಗೆ ಪಡೆದು ನೀವೇ ಓಡಿಸುವ ಗಾಡಿ.
> ಬಿಳಿ ಬೋರ್ಡು: ಸ್ವಂತ ಬಳಕೆಗೆ ಮಾತ್ರ. ಪರಿಚಯದವರ ಬಿಳಿ ಬೋರ್ಡಿನ ಕಾರನ್ನು ‘ಡೀಸೆಲ್ ಹಾಕಿಸಿ, ಮೇಲೊಂದಿಷ್ಟು ಕೊಟ್ಟು’ ಒಯ್ಯುವುದು ಹಳ್ಳಿಗಳಲ್ಲಿ ಮಾಮೂಲು. ಖಾಸಗಿ ಕಾರಿನ ವಿಮೆ ಬಾಡಿಗೆಯ ಓಡಾಟಕ್ಕೆ ಅನ್ವಯಿಸುವುದಿಲ್ಲ. ಅಪಘಾತವಾದರೆ ಮಾಲೀಕರೂ ಮುಳುಗುತ್ತಾರೆ, ಹತ್ತಿದವರೂ ಮುಳುಗುತ್ತಾರೆ.
> ಸಣ್ಣ ಊರುಗಳಲ್ಲಿ ಕಪ್ಪು ಬೋರ್ಡು ಅಪರೂಪವಾಗಲು ಕಾನೂನೂ ಒಂದು ಕಾರಣ. 1989ರ ‘ರೆಂಟ್ ಎ ಕ್ಯಾಬ್’ ಯೋಜನೆಯ ಪ್ರಕಾರ ಪರವಾನಗಿ ಬೇಕೆಂದರೆ ಕನಿಷ್ಠ 50 ಕಾರು ಇರಬೇಕು.

ಕಮಾನು ಗಾಡಿಯ ಕಾಲ

‘ಒಂದೇ ಮನೆಯವ್ರು ಎರಡು ಗಾಡೀಲಿ ಯಾಕೋ’ ಎಂಬ ದೊಡ್ಡಪ್ಪನ ಆ ಒಂದು ಮಾತಿನ ಹಿಂದೆ ಅವರ ಬಾಲ್ಯವಿದೆ. ಅವರು ಜಾತ್ರೆಗೆ ಹೋದದ್ದು ಕಮಾನು ಗಾಡಿಯಲ್ಲಿ. ಬಿದಿರಿನ ಕಮಾನು, ಮೇಲೆ ಚಾಪೆ, ಒಳಗೆ ಹುಲ್ಲು ಹಾಸಿ ಅದರ ಮೇಲೆ ಜಮಖಾನ. ಕಡೂರು, ಬೀರೂರು, ಅಜ್ಜಂಪುರದ ಸೀಮೆ ಎಂದರೆ ಅಮೃತ್ ಮಹಲ್ ಎತ್ತುಗಳ ಸೀಮೆ. ಮೈಸೂರು ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಗೆ ಟಿಪ್ಪು ಇಟ್ಟ ಹೆಸರು ಅಮೃತ್ ಮಹಲ್. ಆ ತಳಿಯ ಸಂವರ್ಧನಾ ಕೇಂದ್ರ ಇಂದಿಗೂ ಅಜ್ಜಂಪುರದಲ್ಲಿದೆ. ದನಗಳಿಗೆಂದು ಬಿಟ್ಟ ಕಾವಲುಗಳಲ್ಲಿ ಒಂದಾದ ಕಡೂರು ತಾಲ್ಲೂಕಿನ ಬಾಸೂರು ಕಾವಲು ಈಗ ಕೃಷ್ಣಮೃಗಗಳ ಸಂರಕ್ಷಿತ ತಾಣ.

‘ಗಾಡಿ ತೋಪಲ್ಲಿ ಬಿಡ್ತಿದ್ವಿ. ಎತ್ತಿಗೆ ನೀರು, ಹುಲ್ಲು. ಅಲ್ಲಿಂದ ಆಚೆಗೆ ಎಲ್ಲಾ ನಡಿಗೆ. ನಡೆಯಕ್ಕಾಗ್ದೇ ಇರೋರಿಗೆ ಆ ಊರೋರೇ ಏನಾದ್ರೂ ಏರ್ಪಾಟು ಮಾಡೋರು’ ಎಂದು ದೊಡ್ಡಪ್ಪ ನೆನೆಯುತ್ತಾರೆ. ಬಂದ ಗಾಡಿ ನೆಲೆಗೆ, ಮುಂದಿನ ದಾರಿ ಆ ಊರಿನವರ ಕೈಗೆ. ನಮ್ಮ ಟಿಟಿ ಆ ಕಮಾನು ಗಾಡಿಯ ಮೊಮ್ಮಗ. ಅಡುಗೆ, ಹಾಸಿಗೆ, ದೇವರ ಹುಂಡಿಗೆ ಗಂಟು ಕಟ್ಟಿದ ಕಾಣಿಕೆ, ಎಲ್ಲವೂ ಅದರೊಳಗೇ.

ಮನೆಯನ್ನೇ ಎಳೆದುಕೊಂಡು ಹೋಗುವವರು

ನಮ್ಮ ಸಂಬಂಧಿಯೊಬ್ಬ ಅಮೆರಿಕದಲ್ಲಿದ್ದಾನೆ. ಬೇಸಿಗೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಆರ್‌ವಿ ಬಾಡಿಗೆಗೆ ಪಡೆದು ಹೊರಡುತ್ತಾನೆ. ಮಲಗುವ ಮಂಚ, ಒಲೆ, ಫ್ರಿಜ್, ಬಚ್ಚಲು ಇರುವ ಓಡುವ ಮನೆ ಅದು. ಅವನ ಮನೆಯಲ್ಲೂ ಪ್ರತಿ ಸಲ ಇದೇ ಚರ್ಚೆ ಎಂದು ಕೇಳಿ ನನಗೆ ಅಚ್ಚರಿಯಾಯಿತು.

ಅಲ್ಲಿ ತೊಡಕು ಇನ್ನೂ ಗಟ್ಟಿ. ತಂಗುವ ಜಾಗದಲ್ಲಿ ಆರ್‌ವಿಗೆ ನೀರಿನ ಪೈಪು, ಕರೆಂಟಿನ ತಂತಿ, ಕೊಳಚೆಯ ಕೊಳವೆ ಜೋಡಿಸಿರುತ್ತಾರೆ. ಒಂದು ಕ್ಯಾನು ಹಾಲು ಬೇಕೆಂದರೂ ಎಲ್ಲ ಬಿಚ್ಚಿ, ಪಾತ್ರೆ ಪಗಡ ಭದ್ರ ಮಾಡಿ, ಮನೆಯನ್ನೇ ಅಂಗಡಿಗೆ ಓಡಿಸಬೇಕು. ಆದ್ದರಿಂದ ಸ್ವಂತ ಆರ್‌ವಿ ಇರುವವರು ಸಣ್ಣ ಕಾರೊಂದನ್ನು ಹಿಂದೆ ಕಟ್ಟಿ ಎಳೆದೊಯ್ಯುತ್ತಾರೆ. ನಾಲ್ಕೂ ಚಕ್ರ ನೆಲದ ಮೇಲೆ ಉರುಳಿಸಿಕೊಂಡು ಎಳೆಯುವುದು ಎಲ್ಲ ಕಾರಿಗೂ ಆಗುವುದಿಲ್ಲ, ಆಟೊಮ್ಯಾಟಿಕ್ ಗೇರಿನ ಅನೇಕ ಕಾರುಗಳ ಗೇರ್‌ಬಾಕ್ಸ್ ಹಾಳಾಗುತ್ತದೆ. ಬಾಡಿಗೆಯ ಆರ್‌ವಿಗಾದರೆ ಹಿಂದೆ ಏನನ್ನೂ ಕಟ್ಟಲು ಬಹುತೇಕ ಕಂಪನಿಗಳು ಬಿಡುವುದಿಲ್ಲ.

ಹಾಗಿದ್ದರೂ ಸಣ್ಣ ಗಾಡಿ ಬೇಕೇ ಬೇಕಾದ ಜಾಗಗಳಿವೆ. ಮೊಂಟಾನಾದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ‘ಗೋಯಿಂಗ್ ಟು ದ ಸನ್’ ರಸ್ತೆಯ ಬೆಟ್ಟದ ಭಾಗದಲ್ಲಿ 21 ಅಡಿಗಿಂತ ಉದ್ದದ, 8 ಅಡಿಗಿಂತ ಅಗಲದ ವಾಹನ ಹೋಗುವಂತಿಲ್ಲ. ಯೂಟಾದ ಝಯಾನ್ ಕಣಿವೆಯಲ್ಲಿ ಬೇರೆ ಉಪಾಯ. 2000ದಿಂದ ಅಲ್ಲಿ ಉದ್ಯಾನದ ಬಸ್ಸುಗಳೇ ಜನರನ್ನು ಹೊತ್ತು ಓಡಾಡುತ್ತವೆ, ಬಸ್ಸು ಓಡುವ ಸೀಸನ್ನಿನಲ್ಲಿ ಪ್ರವಾಸಿಗರ ಕಾರುಗಳನ್ನು ಸಾಮಾನ್ಯವಾಗಿ ಕಣಿವೆಯೊಳಗೆ ಬಿಡುವುದಿಲ್ಲ.

ಅವನು ಕಂಡುಕೊಂಡ ದಾರಿ ನನಗೆ ಹಿಡಿಸಿತು. ಒಂದೊಂದು ಊರಲ್ಲಿ ಎರಡೇ ರಾತ್ರಿ ಎಂದಾದರೆ ಕಾರು ಬೇಡ. ಒಂದೇ ಜಾಗದಲ್ಲಿ ವಾರ ಕೂರುವುದಾದರೆ ಆರ್‌ವಿಯನ್ನು ನೆಲೆಗೆ ನಿಲ್ಲಿಸಿ, ಹತ್ತಿರದ ಊರಿನಲ್ಲಿ ಬೇಕಾದ ದಿನಕ್ಕಷ್ಟೇ ಕಾರು ಬಾಡಿಗೆಗೆ ತರುವುದು.

ಇಂಥ ಓಡುವ ಮನೆ ಕ್ಯಾರವಾನ್ ಹೆಸರಿನಲ್ಲಿ ನಮ್ಮಲ್ಲಿಗೂ ಕಾಲಿಟ್ಟಿದೆ. ಹಳ್ಳಿಯವರು ಮೊದಲು ಅದನ್ನು ಕಂಡದ್ದು ಸಿನಿಮಾ ಶೂಟಿಂಗಿನಲ್ಲಿ. ಕರ್ನಾಟಕದ 2020ರ ಪ್ರವಾಸೋದ್ಯಮ ನೀತಿಯಲ್ಲಿ ಕ್ಯಾರವಾನ್ ಪ್ರವಾಸಕ್ಕೆ ಜಾಗ ಸಿಕ್ಕಿತು. ಕೇರಳ 2021ರಲ್ಲಿ ‘ಕೆರವಾನ್’ ಹೆಸರಿನ ಯೋಜನೆ ತಂದು, ಮರುವರ್ಷ ವಾಗಮಣ್‌ನಲ್ಲಿ ಕ್ಯಾರವಾನ್ ತಂಗುದಾಣ ತೆರೆಯಿತು. ನಮ್ಮ ಘಾಟಿಗಳಲ್ಲಿ ಅವು ಹೆಚ್ಚಿದಷ್ಟೂ ಅಣ್ಣನ ಪ್ರಶ್ನೆ ಹೆಚ್ಚು ಮನೆಗಳಲ್ಲಿ ಏಳುತ್ತದೆ, ಏಕೆಂದರೆ ದೊಡ್ಡ ಗಾಡಿ ಎಲ್ಲಿ ನಿಲ್ಲುತ್ತದೋ ನಮ್ಮ ಬೆಟ್ಟ ಶುರುವಾಗುವುದೇ ಅಲ್ಲಿಂದ.

ಕೈಮರದಿಂದ ಮೇಲಕ್ಕೆ

ಬೆಟ್ಟಕ್ಕೆ ಟಿಟಿ ಬಿಡದೇ ಹೋದರೆ ಎಂಬ ಅಣ್ಣನ ಮೊದಲ ಪ್ರಶ್ನೆಗೆ ಉತ್ತರ ಗಿರಿಯಲ್ಲಿ ಸಿಕ್ಕಿತು. ಮುಳ್ಳಯ್ಯನಗಿರಿ 1,930 ಮೀಟರ್, ರಾಜ್ಯದಲ್ಲೇ ಎತ್ತರದ ಶಿಖರ. ದಾರಿ ಕಿರಿದು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಆಳ. ರಜೆಯ ದಿನ ಎದುರುಬದುರಾದ ಎರಡು ಗಾಡಿ ಸರಿದಾಡುವುದರೊಳಗೆ ಹಿಂದೆ ನೂರು ಗಾಡಿ ಸೇರುತ್ತಿದ್ದವು. ಹೀಗಾಗಿ ಜಿಲ್ಲಾಡಳಿತ 2025ರ ಸೆಪ್ಟೆಂಬರ್ 1ರಿಂದ ಆನ್‌ಲೈನ್ ಮುಂಗಡ ನೋಂದಣಿ ತಂದಿತು. ನಾವು ಕೂತು ನೋಡುವಷ್ಟರಲ್ಲಿ ಆ ದಿನದ ಟಿಟಿ ಪಾಲು ಮುಗಿದಿತ್ತು.

ಚಿಕ್ಕಮಗಳೂರಿನಲ್ಲಿ ಎರಡು ಜೀಪು ಮಾತಾಡಿದೆವು. ಕೈಮರದ ಚೆಕ್‌ಪೋಸ್ಟ್ ದಾಟುತ್ತಿದ್ದಂತೆ ಮಂಜು ಇಳಿಯಿತು. ಹತ್ತು ಮಾರು ದೂರ ಕಾಣುತ್ತಿರಲಿಲ್ಲ. ನಮ್ಮ ಜೀಪಿನ ಹುಡುಗ ಪ್ರತಿ ತಿರುವಿಗೂ ಮೊದಲು ಹಾರನ್ ಹೊಡೆದು, ಎದುರಿಂದ ಉತ್ತರ ಬರುತ್ತದೋ ಎಂದು ಒಂದು ಗಳಿಗೆ ಕಿವಿಗೊಟ್ಟು, ಆಮೇಲೆ ಗೇರ್ ಹಾಕುತ್ತಿದ್ದ. ಆ ಒಂದು ಗಳಿಗೆಯ ತಾಳ್ಮೆ ನಮಗೆ ಗೊತ್ತಿರುವ ಸಂಗತಿಯಲ್ಲ. ನಮ್ಮದು ನೆಟ್ಟಗಿನ ಬಿ.ಎಚ್. ರಸ್ತೆಯ, ತೆಂಗಿನತೋಟದ ಸಾಲಿನ ಕಾರು ಓಡಿಸುವ ಅಭ್ಯಾಸ.

ಅಣ್ಣ ಮುಂದಿನ ಸೀಟಿನಲ್ಲಿದ್ದ. ಸೀತಾಳಯ್ಯನಗಿರಿ ಬರುವ ಹೊತ್ತಿಗೆ ಮಂಜು ಹರಿದು ಕೆಳಗೆ ಹಸಿರು ಬಯಲಾಯಿತು. ಅವನು ತಲೆ ಹೊರಗೆ ಹಾಕಿ ನೋಡುತ್ತಲೇ ಇದ್ದ. ಕೈಯಲ್ಲಿ ಸ್ಟಿಯರಿಂಗ್ ಇದ್ದಿದ್ದರೆ ಹಾಗೆ ನೋಡಲು ಆಗುತ್ತಿರಲಿಲ್ಲ.

> ಹೊರಡುವ ಮುನ್ನ
> ಗಿರಿ: ಬೆಳಿಗ್ಗೆ, ಮಧ್ಯಾಹ್ನ ಎಂದು ಎರಡು ಸರದಿ, ಜಾರಿಗೆ ಬಂದಾಗ ಸರದಿಗೆ 600 ವಾಹನದ ಮಿತಿ. ಡಿಸೆಂಬರಿನ ದತ್ತ ಜಯಂತಿಯ ಆಸುಪಾಸು ಪ್ರವಾಸಿಗರಿಗೆ ನಿರ್ಬಂಧವಿರುತ್ತದೆ. ನಿಯಮ ಬದಲಾಗುತ್ತಿರುತ್ತದೆ, ಆ ವಾರದ ಪ್ರಕಟಣೆ ನೋಡಿಕೊಂಡೇ ಹೊರಡಿ.
> ಹೆಬ್ಬೆ ಜಲಪಾತ: ಕೆಮ್ಮಣ್ಣುಗುಂಡಿಯ ಕಡೆಯಿಂದ ಕಾಡಿನೊಳಗಿನ ದಾರಿಗೆ ಜೀಪೇ ಗತಿ, ಸ್ವಂತ ಕಾರು ಬಿಡುವುದಿಲ್ಲ.
> ಆಗುಂಬೆ ಘಾಟಿ: 14 ಹೇರ್‌ಪಿನ್ ತಿರುವು. ಟಿಟಿ ಇಳಿಯುತ್ತದೆ, ಭಾರಿ ವಾಹನಕ್ಕೆ ಅವಕಾಶವಿಲ್ಲ.
> ಕೊಡಚಾದ್ರಿ: ಕೊಲ್ಲೂರಿನಿಂದಲೂ ನಿಟ್ಟೂರು ಕಡೆಯಿಂದಲೂ ಜೀಪುಗಳಿವೆ. ಬಾಡಿಗೆ ತಲೆಗೋ ಇಡೀ ಜೀಪಿಗೋ, ಹತ್ತುವ ಮೊದಲೇ ಕೇಳಿಕೊಳ್ಳಿ.

ಕಳಸದ ರಾತ್ರಿ

ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಎಂಬ ಎರಡನೆಯ ಪ್ರಶ್ನೆ ಹಗುರವಾದುದಲ್ಲ. ಕಾರು ಇರಲಿ ಎನ್ನುವವರ ಅತಿ ಗಟ್ಟಿಯಾದ ಮಾತು ಅದೇ, ಮತ್ತು ಅದರಲ್ಲಿ ಹುರುಳಿದೆ. ಟಿಟಿಯ ಚಾಲಕರು ಹಗಲಿಡೀ ಘಾಟಿ ಓಡಿಸಿರುತ್ತಾರೆ. ರಾತ್ರಿ ಅವರು ನಿದ್ದೆ ಮಾಡಲೇಬೇಕು, ಮರುದಿನ ಹದಿನಾರು ಜೀವ ಅವರ ಕೈಯಲ್ಲಿ. ನಡುರಾತ್ರಿ ಅವರನ್ನು ಎಬ್ಬಿಸುವುದು ನ್ಯಾಯವೂ ಅಲ್ಲ, ಕ್ಷೇಮವೂ ಅಲ್ಲ.

ಕಳಸದಲ್ಲಿ ಉಳಿದ ರಾತ್ರಿ ಹನ್ನೊಂದೂವರೆಗೆ ದೊಡ್ಡಮ್ಮನಿಗೆ ಎದೆ ಕಟ್ಟಿದಂತಾಯಿತು. ಮೈ ಬೆವೆತಿತ್ತು. ಹೊರಗೆ ಮಳೆ. ಅಣ್ಣ ನನ್ನ ಮುಖ ನೋಡಿದ. ಕಾರು ತರಬೇಕಿತ್ತು ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ನಾನೂ ಅದನ್ನೇ ಯೋಚಿಸುತ್ತಿದ್ದೆ.

ಲಾಡ್ಜಿನ ಹುಡುಗ ಒಂದು ಫೋನ್ ಮಾಡಿದ. ಹತ್ತು ನಿಮಿಷವೂ ಆಗಲಿಲ್ಲ, ಮಧ್ಯಾಹ್ನ ನಮ್ಮನ್ನು ಕ್ಯಾತನಮಕ್ಕಿಗೆ ಕರೆದೊಯ್ದಿದ್ದ ಜೀಪಿನವರೇ ಲುಂಗಿಯಲ್ಲಿ, ತಲೆಗೆ ಟವೆಲ್ ಸುತ್ತಿಕೊಂಡು ಬಂದರು. ‘ಅಮ್ಮ, ನಿಧಾನ, ಕಾಲು ಇಲ್ಲಿಡಿ’ ಎಂದು ದೊಡ್ಡಮ್ಮನನ್ನು ಹತ್ತಿಸಿದರು. ಯಾವ ಆಸ್ಪತ್ರೆಯಲ್ಲಿ ಆ ಹೊತ್ತಿಗೆ ಡಾಕ್ಟರಿರುತ್ತಾರೆ, ಯಾವ ಬಾಗಿಲು ಬಡಿಯಬೇಕು ಎಲ್ಲ ಅವರಿಗೆ ಗೊತ್ತಿತ್ತು. ಹೃದಯದ ತೊಂದರೆಯಲ್ಲ, ವಾಯು ಮತ್ತು ಆಯಾಸ ಎಂದು ಡಾಕ್ಟರು ಹೇಳಿದಾಗ ನಮಗಿಂತ ಮೊದಲು ಜೀಪಿನವರೇ ನೆಮ್ಮದಿಯ ಉಸಿರುಬಿಟ್ಟರು.

ನಮ್ಮ ಕಾರು ಲಾಡ್ಜಿನ ಮುಂದೆಯೇ ನಿಂತಿದ್ದಿದ್ದರೂ ಆ ಕತ್ತಲಲ್ಲಿ, ಆ ಮಳೆಯಲ್ಲಿ ನಾವು ಆಸ್ಪತ್ರೆಯ ದಾರಿ ಕೇಳುತ್ತಾ ಅಲೆಯುತ್ತಿದ್ದೆವು. ಹಗಲಲ್ಲಿ ನಾಲ್ಕು ಸಾವಿರ ಕೊಟ್ಟು ಪಡೆದದ್ದು ಬರೀ ಜೀಪಿನ ಬಾಡಿಗೆ ಎಂದುಕೊಂಡಿದ್ದೆವು. ಅದರ ಜೊತೆ ಆ ಊರಿನಲ್ಲಿ ನಮಗೊಬ್ಬರು ಪರಿಚಯದವರಾಗಿದ್ದರು. ರಾತ್ರಿಯ ಓಡಾಟಕ್ಕೆ ಅವರು ಡೀಸೆಲ್ ದುಡ್ಡಿಗಿಂತ ಹೆಚ್ಚು ಮುಟ್ಟಲಿಲ್ಲ.

ಎಲ್ಲ ಊರಲ್ಲೂ, ಎಲ್ಲ ರಾತ್ರಿಯೂ ಹೀಗೆ ಆಗುತ್ತದೆಂದು ನಾನು ಹೇಳಲಾರೆ. 108ರ ಆ್ಯಂಬುಲೆನ್ಸ್ ಇದೆ, ಆದರೆ ಮಲೆನಾಡಿನ ದಾರಿಯಲ್ಲಿ ಅದು ಎಲ್ಲಿಂದ ಬರಬೇಕೋ. ನಾವೀಗ ಮಾಡುವುದಿಷ್ಟು: ತಂಗುವ ಊರು ತಲುಪಿದ ಕೂಡಲೇ, ಕಾಫಿ ಕುಡಿಯುವ ಮೊದಲೇ, ಅಲ್ಲಿನ ಒಬ್ಬ ಆಟೊ ಅಥವಾ ಜೀಪಿನವರ ನಂಬರ್ ಬರೆದುಕೊಂಡು ‘ರಾತ್ರಿ ಬೇಕಾದ್ರೆ ಬರ್ತೀರಾ?’ ಎಂದು ಕೇಳಿಡುತ್ತೇವೆ.

ಈ ಸಲ ಕಾರು

ಈ ದಸರಾಕ್ಕೆ ಕೊಲ್ಲೂರು, ಕೊಡಚಾದ್ರಿ ಎಂದು ತೀರ್ಮಾನವಾಗಿದೆ. ಕಡೂರಿನ ಅದೇ ಟಿಟಿ, ಅದೇ ಚಾಲಕರು. ಮೊನ್ನೆ ಭಾನುವಾರ ಜಗಲಿಯಲ್ಲಿ ಮತ್ತೆ ಸಭೆ ಕೂತಿತು.

ಅತ್ತೆಯ ಮಗಳಿಗೆ ಹೆರಿಗೆಯಾಗಿ ಐದು ತಿಂಗಳು. ಮೂಕಾಂಬಿಕೆಯ ಸನ್ನಿಧಿಯಲ್ಲಿ ಕೂಸಿಗೆ ಹರಕೆ ತೀರಿಸಬೇಕು. ಎರಡು ಗಂಟೆಗೊಮ್ಮೆ ಹಾಲೂಡಿಸಲು ನಿಲ್ಲಿಸಬೇಕು, ಕೂಸು ಅತ್ತರೆ ಮಲಗಿಸಬೇಕು, ಬಾಣಂತಿಗೆ ಕಾಲು ಚಾಚಲು ಜಾಗ ಬೇಕು. ಹದಿನಾರು ಜನರ ಗದ್ದಲದಲ್ಲಿ ಅದು ಆಗುವ ಮಾತಲ್ಲ.

‘ಹಂಗಾದ್ರೆ ಈ ಸಲ ಕಾರು ಬರ್ಲಿ’ ಎಂದವರು ಎಲ್ಲರಿಗಿಂತ ಮೊದಲು ದೊಡ್ಡಪ್ಪನೇ. ಕಾರು ಕೊಲ್ಲೂರಿನವರೆಗೆ, ಅಲ್ಲಿಂದ ಮೇಲಕ್ಕೆ ಹೋಗುವವರಿಗೆ ಜೀಪು, ಕೂಸು ಮತ್ತು ತಾಯಿ ಕೆಳಗೇ ವಿಶ್ರಾಂತಿ. ತಿಂಡಿಯ ಡಬ್ಬಿ ಎರಡು, ಮಾತ್ರೆಯ ಪೊಟ್ಟಣ ಎರಡು, ಒಂದೊಂದು ಗಾಡಿಗೆ ಒಂದೊಂದು. ಮುಂದಿನ ಊರಿನ ಬಸ್ ನಿಲ್ದಾಣದಲ್ಲಿ ಸೇರುವುದು, ಒಬ್ಬರ ಬೆನ್ನು ಒಬ್ಬರು ಹತ್ತಿ ಓಡಿಸುವುದು ಬೇಡ.

ಕಾರು ಓಡಿಸುವವರು ಯಾರು ಎಂದಾಗ ಅಣ್ಣನ ಕೈ ಎದ್ದಿತು. ಅತ್ತಿಗೆ ಅದನ್ನು ಹಿಡಿದು ಕೆಳಗಿಳಿಸಿದರು. ‘ಹೋಗ್ತಾ ನಾನು, ಬರ್ತಾ ಇವನು’ ಎಂದು ನನ್ನ ಕಡೆ ತೋರಿಸಿ, ಕೀ ತೆಗೆದು ತಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಅಣ್ಣ ಟಿಟಿಯ ಸೀಟುಪಟ್ಟಿಯಲ್ಲಿ ಕಿಟಕಿ ಪಕ್ಕದ ಒಂದು ಮನೆ ಹುಡುಕಿ ತನ್ನ ಹೆಸರು ಬರೆದ.